ಪಾದ್ರಿಯ ಕಪಾಟಿನಲ್ಲಿ ಸರ್ವಜ್ಞ

ಅಪರೂಪದ ಪುಸ್ತಕ ಕೂಡಿಡುವವರು ಬಹಳ ಮಂದಿ. ಕೂಡಿಟ್ಟದ್ದನ್ನು ಓದಿ, ಪಾಠ ತಿದ್ದಿ, ನಾಡಿಗೆಲ್ಲ ಹಂಚುವವರು ವಿರಳ. ಆ ವಿರಳರಲ್ಲಿ ನಾನು ಮೊದಲು ನೆನೆಯುವ ಹೆಸರು ರೆವರೆಂಡ್ ಉತ್ತಂಗಿ ಚನ್ನಪ್ಪನವರದು.

1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಉತ್ತಂಗಿಯವರು ಬಾಸೆಲ್ ಮಿಶನ್‌ನ ಪಾದ್ರಿ. ಕೈಯಲ್ಲಿ ಬೈಬಲ್ಲು, ಮನಸ್ಸಿನ ತುಂಬ ಸರ್ವಜ್ಞ. ಸರ್ವಜ್ಞನ ತ್ರಿಪದಿಗಳಿಗೆ ಒಂದೇ ಮೂಲಪ್ರತಿ ಇಲ್ಲ. ಓಲೆಗರಿಯಲ್ಲಿ ಒಂದು ಪಾಠವಿದ್ದರೆ ಜನರ ಬಾಯಲ್ಲಿ ಇನ್ನೊಂದು. ನಡುವೆ ಬೇರೆಯವರು ಕಟ್ಟಿ ಸೇರಿಸಿದವೂ ಉಂಟು. ಉತ್ತಂಗಿಯವರು ಹಸ್ತಪ್ರತಿಗಳಿಗಾಗಿ ಅಲೆದರು, ಬಾಯಿಪಾಠ ಬರೆದುಕೊಂಡರು, ವಿಷಯವಾರು ವಿಂಗಡಿಸಿದರು. ಫಲವಾಗಿ 1924ರಲ್ಲಿ ಸರ್ವಜ್ಞನ ವಚನಗಳ ದೊಡ್ಡ ಸಂಗ್ರಹ ಅಚ್ಚಾಯಿತು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷ ಪೀಠದಲ್ಲಿ ಕೂಡಿಸಿತು.

ಪಾದ್ರಿಗಳು ಕನ್ನಡ ಕೃತಿಗಳನ್ನು ಅಚ್ಚಿಗೆ ತರುವ ಈ ದಾರಿ ಹಳೆಯದು. ಅದೇ ಬಾಸೆಲ್ ಮಿಶನ್‌ನ ಮೋಗ್ಲಿಂಗ್ ಮಂಗಳೂರಿನಲ್ಲಿ ಜೈಮಿನಿ ಭಾರತ, ದಾಸರ ಪದಗಳನ್ನು ಕಲ್ಲಚ್ಚಿಗೆ ಏರಿಸಿದ್ದರು. ಅದೇ ಮಿಶನ್‌ನ ಕಿಟ್ಟೆಲ್ 1872ರಲ್ಲಿ ಹಳಗನ್ನಡ ವ್ಯಾಕರಣ ಶಬ್ದಮಣಿದರ್ಪಣವನ್ನು ಸಂಪಾದಿಸಿ, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಕೊಟ್ಟರು. ಆ ನಿಘಂಟಿನ ಆರಂಭದಲ್ಲಿರುವ ಆಕರಗಳ ಪಟ್ಟಿಯನ್ನು ಪುಸ್ತಕಪ್ರಿಯರು ಬಿಡದೆ ಓದಬೇಕು. ಒಬ್ಬ ಪಾದ್ರಿಯ ಓದಿನ ಹರವು ಅಲ್ಲಿ ಸಾಲುಸಾಲಾಗಿ ಕಾಣುತ್ತದೆ.

ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಮುಚ್ಚಂಡಿಯಂಥ ಗಡಿ ಊರಿನವರಿಗೆ ಈ ಸಂಗ್ರಹದ ಕೆಲಸ ದೂರದ ಮಾತಲ್ಲ. ಸೊನ್ನಲಿಗೆ, ಅಂದರೆ ಇಂದಿನ ಸೊಲ್ಲಾಪುರ, ನೆರೆಯದೇ. ಅಲ್ಲಿಯ ವಚನಕಾರ ಸಿದ್ಧರಾಮನ ಸಾಹಿತ್ಯವನ್ನು ಸಂಗ್ರಹಿಸಿ ಸಂಪಾದಿಸುವುದರಲ್ಲೂ ಉತ್ತಂಗಿಯವರ ಶ್ರಮವಿದೆ. ವಿಜಯಪುರದಲ್ಲಿ ವಕೀಲ ಫ.ಗು. ಹಳಕಟ್ಟಿ ಮನೆಮನೆಯ ಕಟ್ಟುಗಳಿಂದ ವಚನ ತೆಗೆದು 1923ರಲ್ಲಿ ವಚನಶಾಸ್ತ್ರಸಾರ ಹೊರತಂದರು. ಧರ್ಮ ಬೇರೆ, ವೃತ್ತಿ ಬೇರೆ. ಇಬ್ಬರ ನಿಷ್ಠೆ ಒಂದೇ. ಸ್ವಂತ ಗ್ರಂಥಭಂಡಾರದ ಬೆಲೆ ಕಪಾಟಿನ ಉದ್ದದಲ್ಲಿಲ್ಲ, ಅದರಿಂದ ಓದುಗರಿಗೆ ದಕ್ಕಿದ್ದರಲ್ಲಿದೆ ಎಂಬುದಕ್ಕೆ ಇವರಿಬ್ಬರೂ ಸಾಕ್ಷಿ.

ಗಡಿಯ ಮಠಗಳಲ್ಲಿ, ಮನೆಯ ದೇವರ ಕೋಣೆಯಲ್ಲಿ ಓಲೆಗರಿಯ ಕಟ್ಟಿದ್ದರೆ ಅರಿಸಿನ ಕುಂಕುಮ ಹಚ್ಚಬೇಡಿ, ಹೊಳೆಗೆ ಬಿಡಬೇಡಿ. ಗರಿಗಳ ಕ್ರಮ ಕದಡದೆ, ಸ್ವಚ್ಛ ಹತ್ತಿಬಟ್ಟೆಯಲ್ಲಿ ಸುತ್ತಿ ತೇವ ತಾಗದ ಕಡೆ ಇಡಿ. ಪ್ರತಿ ಗರಿಯ ಎರಡೂ ಬದಿಯ ಫೋಟೋ ತೆಗೆದು, ಓದಬಲ್ಲ ವಿದ್ವಾಂಸರಿಗೆ ತೋರಿಸಿ. ಕಟ್ಟು ನಿಮ್ಮ ಮನೆಯಲ್ಲೇ ಇರಲಿ, ಅದರೊಳಗಿನ ಕನ್ನಡ ಎಲ್ಲರಿಗೂ ಸಿಗಲಿ.