ಹಳೆಯ ಕಾರಿಗೆ ಹೊಸ ಮಾಪಕಗಳು

ಉತ್ತರಪಾರಾದ ಕಾರ್ಖಾನೆಯಲ್ಲಿ 2014ರಲ್ಲಿ ಅಂಬಾಸಿಡರಿನ ತಯಾರಿಕೆ ನಿಂತುಹೋದ ಬಳಿಕವೂ ಆ ವಾಹನವನ್ನು ಮಮತೆಯಿಂದ ಉಳಿಸಿಕೊಂಡು ಬಂದಿರತಕ್ಕ ಮನೆಗಳು ನಮ್ಮ ನಾಡಿನಲ್ಲಿ ವಿರಳವಲ್ಲ. ಅಂಥ ಒಡೆಯರಲ್ಲಿ ಅನೇಕರು, ಎಂಜಿನ್ನನ್ನು ಬಿಚ್ಚಿಸಿ ಹೊಸದಾಗಿ ಕಟ್ಟಿಸಿದ ಕೂಡಲೇ, ಆಯಿಲ್ ಪ್ರೆಷರು, ಟೆಂಪರೇಚರು, ಬ್ಯಾಟರಿ ಮುಂತಾದವುಗಳ ಸ್ಥಿತಿಯನ್ನು ತೋರುವ ಬಿಡಿ ಮೀಟರುಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆಗಳಿಂದ ತಂದು ಡ್ಯಾಶ್‌ಬೋರ್ಡಿನ ಕೆಳಗೆ ಕೂಡಿಸುವುದುಂಟು. ಈ ಪದ್ಧತಿ ಸ್ತುತ್ಯವಾದುದೆಂದೇ ನನ್ನ ಮತ. ಆದರೆ ಮೀಟರಿನ ಮುಖದ ಅಂದಚೆಂದಕ್ಕೆ ಕೊಡುವ ಲಕ್ಷ್ಯದ ಅರ್ಧವನ್ನಾದರೂ, ಅದರ ಸೆಂಡರು ಎಂಜಿನ್ನಿನ ಯಾವ ಭಾಗದಲ್ಲಿ ಕುಳಿತು ಯಾವ ಸಂಗತಿಯನ್ನು ಗ್ರಹಿಸುತ್ತಿದೆಯೆಂಬ ವಿಚಾರಕ್ಕೆ ಕೊಡದೆ ಹೋದರೆ, ಅಷ್ಟು ಹಣವನ್ನೂ ಶ್ರಮವನ್ನೂ ವ್ಯಯಿಸಿ ಸುಳ್ಳುಸಾಕ್ಷಿಯನ್ನು ಕಣ್ಣೆದುರು ನಿಲ್ಲಿಸಿಕೊಂಡಂತಾಗುತ್ತದೆ.

ಮೊದಲು ಆಯಿಲ್ ಪ್ರೆಷರಿನ ಮಾತು. ದೀಪವೊಂದನ್ನೇ ಕೊಟ್ಟಿರುವ ಕಾರುಗಳಲ್ಲಿ, ಆ ಕೆಂಪು ದೀಪವನ್ನು ಹೊತ್ತಿಸುವ ಸ್ವಿಚ್ಚು ಸಾಮಾನ್ಯವಾಗಿ ಒತ್ತಡವು ಚದರಂಗುಲಕ್ಕೆ 5ರಿಂದ 7 ಪೌಂಡುಗಳಿಗೆ ಇಳಿದಾಗ ಎಚ್ಚೆತ್ತುಕೊಳ್ಳತಕ್ಕದ್ದು. ಅಂಬಾಸಿಡರಿನ 1489 ಸಿ.ಸಿ. ಎಂಜಿನ್ನು ಸೇರಿದ ಬಿ-ಶ್ರೇಣಿಯ ವಂಶದಲ್ಲಾದರೋ, ಆರೋಗ್ಯವಾಗಿರುವ ಎಂಜಿನ್ನು ರಸ್ತೆಯ ಓಟದಲ್ಲಿ ಸುಮಾರು 50 ಪೌಂಡುಗಳನ್ನು ಹಿಡಿದುಕೊಂಡಿರುತ್ತದೆ. ಐವತ್ತರಿಂದ ಏಳರವರೆಗಿನ ಆ ದೀರ್ಘವಾದ ಇಳಿತದ ಉದ್ದಕ್ಕೂ ದೀಪವು ಆರಿಯೇ ಇರುತ್ತದೆ. ಅದು ಹೊತ್ತಿಕೊಳ್ಳುವ ವೇಳೆಗೆ ಬೇರಿಂಗುಗಳ ಮೇಲಿನ ತೈಲದ ಪೊರೆ ಹರಿದು, ಲೋಹಕ್ಕೆ ಲೋಹ ಉಜ್ಜಲಾರಂಭಿಸಿ, ಚಾಲಕನ ಸ್ಥಿತಿಯು ಬೆಂಕಿ ಬಿದ್ದ ಮೇಲೆ ಬಾವಿ ತೋಡಹೊರಟವನ ಸ್ಥಿತಿಯಾಗಿರುತ್ತದೆ. ಮುಳ್ಳುಳ್ಳ ಮೀಟರಾದರೆ, ಕಳೆದ ಮಳೆಗಾಲದಲ್ಲಿ 50 ಇದ್ದದ್ದು ಈಗ ಅದೇ ರಸ್ತೆಯಲ್ಲಿ, ಅದೇ ಬಿಸಿಯಲ್ಲಿ, ಅದೇ ದರ್ಜೆಯ ಆಯಿಲಿನಲ್ಲಿ 38ಕ್ಕೆ ಬಂದಿದೆಯೆಂದು ಸವೆತದ ಗತಿಯನ್ನೇ ತಿಳಿಸಬಲ್ಲುದು. ಈ ಒಂದು ಗುಣಕ್ಕಾಗಿಯೇ, ಒಂದೇ ಒಂದು ಮೀಟರನ್ನು ಕೊಳ್ಳುವಷ್ಟು ಶಕ್ತಿಯಿದ್ದವನು ಆಯಿಲ್ ಪ್ರೆಷರಿನದನ್ನೇ ಕೊಳ್ಳಬೇಕೆಂದು ನಿಸ್ಸಂಕೋಚವಾಗಿ ಹೇಳುತ್ತೇನೆ.

ಯಾಂತ್ರಿಕವಾದದ್ದು ಲೇಸೋ ವಿದ್ಯುತ್ತಿನದು ಲೇಸೋ ಎಂಬ ಚರ್ಚೆ ಗ್ಯಾರೇಜುಗಳಲ್ಲಿ ಮುಗಿಯುವಂಥದ್ದಲ್ಲ. 1849ರಲ್ಲಿ ಫ್ರಾನ್ಸಿನ ಯುಜೀನ್ ಬೂರ್ಡೋನ್ ಹಕ್ಕುಪತ್ರ ಪಡೆದ ಬಾಗಿದ ಕೊಳವೆಯೇ ಇಂದಿಗೂ ಯಾಂತ್ರಿಕ ಮೀಟರಿನ ಹೃದಯವಾಗಿದೆ. ಒತ್ತಡ ಹೆಚ್ಚಿದಂತೆ ಆ ಕೊಳವೆಯು ನೆಟ್ಟಗಾಗಲೆಳಸುತ್ತದೆ, ಆ ಅಲ್ಪಚಲನೆಯೇ ಹಲ್ಲುಚಕ್ರಗಳ ಮೂಲಕ ಮುಳ್ಳನ್ನು ತಿರುಗಿಸುತ್ತದೆ, ಬ್ಯಾಟರಿಯ ಏರಿಳಿತಕ್ಕೆ ಅಲ್ಲಿ ಆಸ್ಪದವೇ ಇಲ್ಲ. ಇಷ್ಟು ಸರಳವೂ ಸತ್ಯನಿಷ್ಠವೂ ಆದ ಉಪಕರಣವನ್ನು ಮೆಚ್ಚದಿರುವುದು ಕಷ್ಟ. ಆದಾಗ್ಯೂ ಅದು ಕಾಯ್ದ ಆಯಿಲನ್ನು ಕಿರಿದಾದ ನಳಿಕೆಯಲ್ಲಿ ಕಾರಿನ ಒಳಕ್ಕೇ, ಕುಳಿತವರ ಮೊಣಕಾಲಿನ ಸಮೀಪಕ್ಕೇ ತರುತ್ತದೆ. ತಾಮ್ರದ ನಳಿಕೆಯು ಎಂಜಿನ್ನಿನ ಕಂಪನದಿಂದ ಕ್ರಮೇಣ ಪೆಡಸಾಗಿ ಬಿರಿಯತಕ್ಕದ್ದು. ನೈಲಾನಿನದು ಎಕ್ಸಾಸ್ಟಿನ ಬಳಿ ಸುಳಿದರೆ ಮೆತ್ತಗಾಗಿ ಕರಗತಕ್ಕದ್ದು. ತಾಮ್ರದ್ದಾದರೆ ಎಂಜಿನ್ನಿಗೂ ಬಾಡಿಗೂ ನಡುವೆ ಒಂದೆರಡು ಸುರುಳಿ ಸುತ್ತಿ ಕಂಪನವನ್ನು ಹೀರಿಸಬೇಕು, ಯಾವುದೇ ಆಗಲಿ ಬಲ್ಕ್‌ಹೆಡ್ಡಿನ ತೂತಿಗೆ ರಬ್ಬರು ಬಳೆ ತೊಡಿಸಬೇಕು. ಈ ಎಚ್ಚರಿಕೆಗಳಿಗೆ ವ್ಯವಧಾನವಿಲ್ಲದವನು ವಿದ್ಯುತ್ತಿನ ಸೆಂಡರನ್ನೇ ಆಶ್ರಯಿಸುವುದು ಕ್ಷೇಮ.

ಥ್ರೆಡ್ಡಿನ ವಿಷಯದಲ್ಲಿ ನಡೆಯುವ ಅನಾಹುತವಂತೂ ಮನಸ್ಸಿಗೆ ನೋವುಂಟುಮಾಡುವಂಥದ್ದು. ಕಾಲಂಗುಲದ ಅರ್ಧದ ಅಳತೆಯಲ್ಲಿ ಬ್ರಿಟಿಷ್ ಪೈಪಿನ ಥ್ರೆಡ್ಡಿಗೆ ಅಂಗುಲಕ್ಕೆ 28 ಸುತ್ತುಗಳು, ಅಮೆರಿಕದ್ದಕ್ಕೆ 27. ಒಂದು ಇನ್ನೊಂದರೊಳಕ್ಕೆ ಎರಡು ಮೂರು ಸುತ್ತು ಸರಾಗವಾಗಿ ಹೋಗಿ ಬಿಗಿಯುತ್ತದೆ. ಬಿಗಿಯಿತೆಂದು ಮೇಸ್ತ್ರಿ ಸ್ಪ್ಯಾನರನ್ನು ಇನ್ನಷ್ಟು ಎಳೆಯುತ್ತಾನೆ. ಐವತ್ತು ವರ್ಷ ಬಾಳಿದ ಎಂಜಿನ್ ಬ್ಲಾಕಿನ ಥ್ರೆಡ್ಡು ಒಂದು ನಿಮಿಷದಲ್ಲಿ ನಾಶವಾಗುತ್ತದೆ. ಹಾಗೆಯೇ, ಸೋರದಿರಲೆಂದು ಸೆಂಡರಿಗೆ ಟೆಫ್ಲಾನ್ ಟೇಪನ್ನು ದಪ್ಪನಾಗಿ ಸುತ್ತುವ ಅಭ್ಯಾಸವೂ ತ್ಯಾಜ್ಯ, ಏಕೆಂದರೆ ಅನೇಕ ಸೆಂಡರುಗಳಿಗೆ ಆ ಥ್ರೆಡ್ಡೇ ಅರ್ತ್. ಇನ್ನು, ಹಳೆಯ ದೀಪದ ಸ್ವಿಚ್ಚನ್ನು ಕಿತ್ತು ಆ ರಂಧ್ರದಲ್ಲಿ ಮೀಟರಿನ ಸೆಂಡರನ್ನು ತೊಡಿಸುವ ಪರಿಪಾಠವನ್ನು ನಾನು ಒಪ್ಪಲಾರೆ. ಟಿ ಆಕಾರದ ಕೀಲು ಹಾಕಿದರೆ ಎರಡೂ ಉಳಿಯುತ್ತವೆ, ಕಣ್ಣು ರಸ್ತೆಯ ಮೇಲಿರುವಾಗ ಸೆಳೆಯಬಲ್ಲದ್ದು ದೀಪವೇ.

ಟೆಂಪರೇಚರ್ ಮೀಟರಿನಲ್ಲಿ ಸೆಂಡರಿನ ಸ್ಥಾನವೇ ಸರ್ವಸ್ವ. ಬ್ಲಾಕಿಗೆ ಕೈಹಚ್ಚಲು ಹೆದರಿ, ರೇಡಿಯೇಟರಿನ ಮೇಲಿನ ಹೋಸನ್ನು ಕತ್ತರಿಸಿ ನಡುವೆ ಲೋಹದ ಅಡಾಪ್ಟರು ಸೇರಿಸಿ ಸೆಂಡರು ಕೂಡಿಸುವುದು ಸುಲಭವಾದ ಮಾರ್ಗ. ಆದರೆ ಎರಡು ರಬ್ಬರುಗಳ ನಡುವೆ ಸಿಕ್ಕ ಆ ಅಡಾಪ್ಟರಿಗೆ ಬೇರೊಂದು ಅರ್ತ್ ವೈರು ಎಳೆಯದಿದ್ದರೆ ಮುಳ್ಳು ಏಳುವುದೇ ಇಲ್ಲ; ಎಳೆದರೂ, ಥರ್ಮೋಸ್ಟ್ಯಾಟ್ ತೆರೆಯುವ ತನಕ ಅತ್ತ ಬಿಸಿನೀರು ಹರಿಯುವುದಿಲ್ಲ. ಥರ್ಮೋಸ್ಟ್ಯಾಟು ಮುಚ್ಚಿದಂತೆಯೇ ಕಚ್ಚಿಕೊಂಡರೆ ಹೆಡ್ಡು ಕುದಿಯುತ್ತಿರುವಾಗಲೂ ಈ ಮೀಟರು ತಂಪೆಂದೇ ಹೇಳುತ್ತಿರುತ್ತದೆ. ಆದುದರಿಂದ ಸೆಂಡರು ಸಿಲಿಂಡರ್ ಹೆಡ್ಡಿನಲ್ಲಿ, ಥರ್ಮೋಸ್ಟ್ಯಾಟಿಗಿಂತ ಮೊದಲೇ, ಸದಾ ನೀರಿನಲ್ಲಿ ಮುಳುಗಿರತಕ್ಕ ಕಡೆಯಲ್ಲಿರಬೇಕು. ಹಾಗಿದ್ದಾಗಲೂ ಒಂದು ವಿಪರೀತವನ್ನು ಮರೆಯಬಾರದು: ಚಾರ್ಮಾಡಿಯನ್ನೋ ಶಿರಾಡಿಯನ್ನೋ ಎರಡನೆಯ ಗೇರಿನಲ್ಲಿ ಏರುತ್ತಿರುವಾಗ ಹೋಸು ಒಡೆದು ನೀರೆಲ್ಲ ಚೆಲ್ಲಿಹೋದರೆ, ಬರಿಗಾಳಿಯಲ್ಲಿ ನಿಂತ ಸೆಂಡರು ಬಿಸಿಯನ್ನು ಸರಿಯಾಗಿ ಗ್ರಹಿಸಲಾರದೆ ಮುಳ್ಳು ಕೆಳಕ್ಕೆ ಜಾರುವುದುಂಟು. ಘಟ್ಟವೇರುವಾಗ ಅಕಾರಣವಾಗಿ ಇಳಿದ ಮುಳ್ಳನ್ನು ಕಂಡವನು, ಏರಿದ ಮುಳ್ಳನ್ನು ಕಂಡವನಿಗಿಂತ ಶೀಘ್ರವಾಗಿ ಗಾಡಿಯನ್ನು ನಿಲ್ಲಿಸತಕ್ಕದ್ದು.

ಬ್ಯಾಟರಿಯ ಮಟ್ಟಿಗೆ ಹೆಚ್ಚು ಹೇಳಬೇಕಾದ್ದಿಲ್ಲ. ಆಂಪಿಯರ್ ಮೀಟರು ಡೈನಮೋ ಕಾಲದ್ದು. ಕಾರಿನ ವಿದ್ಯುತ್ಪ್ರವಾಹದ ಬಹುಭಾಗ ಅದರ ಬೆನ್ನಿನ ಎರಡು ನಟ್ಟುಗಳ ಮೂಲಕವೇ ಹಾಯುವುದರಿಂದ, ಹೆಚ್ಚು ಶಕ್ತಿಯ ಆಲ್ಟರ್ನೇಟರನ್ನು ಹಾಕಿಸಿದ ಮೇಲೂ ಅದನ್ನೇ ಇಟ್ಟುಕೊಂಡರೆ, ಸಡಿಲಗೊಂಡ ಒಂದು ನಟ್ಟು ಡ್ಯಾಶ್‌ಬೋರ್ಡಿಗೆ ಬೆಂಕಿ ಹಚ್ಚಬಲ್ಲುದು. ತೆಳುವಾದ ವೈರು, ಒಂದು ಫ್ಯೂಸು ಇಷ್ಟರಿಂದ ತೃಪ್ತವಾಗುವ ವೋಲ್ಟ್ ಮೀಟರು, ನಿಂತಾಗ 12.6ರ ಹತ್ತಿರವೂ ಓಟದಲ್ಲಿ 14ರ ಆಸುಪಾಸೂ ತೋರಿದರೆ ತಿಳಿಯಬೇಕಾದುದೆಲ್ಲ ತಿಳಿದಂತೆಯೇ.

ಮೂಲ ಡ್ಯಾಶ್‌ಬೋರ್ಡನ್ನು ಕೊರೆದು ಮೀಟರು ಕೂಡಿಸುವುದನ್ನು ನಾನು ಅಪರಾಧವೆಂದೇ ಎಣಿಸುತ್ತೇನೆ. ಕೆಳಗಡೆ ಪಟ್ಟಿಯೊಂದನ್ನು ತಿರುಪಿನಿಂದ ಬಿಗಿದು ಅದರಲ್ಲಿ ಕೂಡಿಸಿದರೆ ಮುಂದಿನ ಒಡೆಯನು ಬೇಡವೆಂದಾಗ ಗಾಯವಿಲ್ಲದೆ ತೆಗೆಯಬಹುದು.

ಅಪರೂಪವಾಗಿ ಕಾಣುವ ವ್ಯಾಕ್ಯೂಮ್ ಮೀಟರಿನ ಬಗ್ಗೆ ನನಗೆ ವಿಶೇಷವಾದ ಆದರವುಂಟು. ಇನ್‌ಟೇಕ್ ಮ್ಯಾನಿಫೋಲ್ಡಿಗೆ ಒಂದು ರಬ್ಬರು ನಳಿಕೆ ಸೇರಿಸಿದರಾಯಿತು. ಐಡ್ಲಿಂಗಿನಲ್ಲಿ ಮುಳ್ಳು ಸ್ಥಿರವಾಗಿ ಕೆಳಗಿದ್ದರೆ ಇಗ್ನಿಷನ್ ಟೈಮಿಂಗು ಹಿಂದೆ ಬಿದ್ದಿರಬಹುದೆಂದೂ, ಲಯಬದ್ಧವಾಗಿ ತಟಕ್ಕನೆ ಬಿದ್ದು ಏಳುತ್ತಿದ್ದರೆ ಯಾವುದೋ ವಾಲ್ವು ಸರಿಯಾಗಿ ಕೂರುತ್ತಿಲ್ಲವೆಂದೂ, ಎಂಜಿನ್ನನ್ನು ಬಿಚ್ಚದೆಯೇ ಊಹಿಸಬಹುದು. ಆದರೆ ಅದರ ಮುಖದ ಮೇಲೆ ಅಚ್ಚಾಗಿರುವ ಹಸಿರು ಪಟ್ಟಿಯು ಸಮುದ್ರಮಟ್ಟದ ಗಾಳಿಯನ್ನು ಅನುಸರಿಸಿದ್ದು, ಮತ್ತು ಪ್ರತಿ ಸಾವಿರ ಅಡಿಯ ಏರಿಕೆಗೆ ಮುಳ್ಳು ಸುಮಾರು ಒಂದಂಗುಲ ಪಾದರಸದಷ್ಟು ತಗ್ಗುತ್ತದೆ. ಮಂಗಳೂರಿನಲ್ಲಿ 19 ತೋರಿದ ಎಂಜಿನ್ನು ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿನಲ್ಲಿ 16 ತೋರಿದರೆ ಅದರ ರಿಂಗುಗಳಲ್ಲಾಗಲಿ ವಾಲ್ವುಗಳಲ್ಲಾಗಲಿ ದೋಷವಿಲ್ಲ. ಕಾರ್ಬುರೇಟರಿನ ತಿರುಪನ್ನು ಮುಟ್ಟದೆ ಬಿಡುವುದೇ ಸರಿ.