ಟ್ಯಾಲಿಯಾಗದ ನಗು

ನಮ್ಮ ಡೊಂಬಿವಲಿಯಲ್ಲಿ ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಹತ್ತು ಹನ್ನೆರಡು ಮಂದಿ ಕನ್ನಡಿಗರು ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಈ ಕೂಟಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ಹಾಗಾಗಿ ಜಗಳವೂ ಕಡಿಮೆ. ಒಬ್ಬರು ಒಂದು ಪುಸ್ತಕದ ಬಗ್ಗೆ ಮಾತಾಡಬೇಕು, ಮನೆಯವರು ಉಪ್ಪಿಟ್ಟೋ ಅವಲಕ್ಕಿಯೋ ಕೊಡಬೇಕು, ಅಷ್ಟೆ. ನನ್ನ ಸರದಿ ಬಂದಾಗ ವುಡಿ ಅಲೆನ್ ಅವರ ಹಾಸ್ಯಬರಹಗಳನ್ನು ಆರಿಸಿಕೊಂಡೆ. ಐದು ಬರಹಗಳನ್ನು ಜೆರಾಕ್ಸ್ ಮಾಡಿಸಿ ಹದಿನೈದು ದಿನ ಮೊದಲೇ ಹಂಚಿದ್ದೆ. ಅವತ್ತು ಉಪ್ಪಿಟ್ಟೊಂದು ಚೆನ್ನಾಗಿತ್ತು. ಮಿಕ್ಕಿದ್ದೆಲ್ಲ ಕೆಟ್ಟಿತು.

ವುಡಿ ಅಲೆನ್ ಎಂದರೆ ಸಿನಿಮಾದವರು ಎಂದೇ ಹೆಚ್ಚಿನವರು ತಿಳಿದಿದ್ದಾರೆ. 1935ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಇವರು ಶಾಲೆಗೆ ಹೋಗುವ ವಯಸ್ಸಿನಲ್ಲೇ ಪತ್ರಿಕೆಗಳ ಅಂಕಣಗಳಿಗೆ ಜೋಕು ಬರೆದು ಕೊಡುತ್ತಿದ್ದರು. 1960ರ ದಶಕದ ಮೊದಲಲ್ಲಿ ಕ್ಲಬ್ಬುಗಳಲ್ಲಿ ನಿಂತು ಜನರನ್ನು ನಗಿಸುವ ಕಾಮಿಡಿಯನ್ ಆದರು. 1966ರಿಂದ 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ಬರೆಯತೊಡಗಿದರು. ಆ ಬರಹಗಳು 'ಗೆಟಿಂಗ್ ಈವನ್' (1971), 'ವಿದೌಟ್ ಫೆದರ್ಸ್' (1975), 'ಸೈಡ್ ಎಫೆಕ್ಟ್ಸ್' (1980) ಎಂಬ ಪುಸ್ತಕಗಳಾಗಿ ಬಂದವು.

ಇವನ್ನು ನಮ್ಮ ಲಲಿತ ಪ್ರಬಂಧದ ಸಾಲಿಗೆ ಸೇರಿಸಲಾಗದು. ಒಂದು ಗಂಭೀರ ಬರವಣಿಗೆಯ ರೂಪ ತೆಗೆದುಕೊಂಡು, ಅದರೊಳಗೆ ಒಂದೇ ಒಂದು ಆಗದ ಮಾತು ಸೇರಿಸಿ, ಆಮೇಲೆ ಏನೂ ಆಗಿಲ್ಲವೆಂಬಂತೆ ಮುಂದುವರಿಯುವುದು ಇವರ ಕ್ರಮ. ಮೆಟರ್ಲಿಂಗ್ ಎಂಬ ಕಲ್ಪಿತ ಮಹಾಲೇಖಕ ದೋಬಿಗೆ ಹಾಕಿದ ಬಟ್ಟೆಗಳ ಪಟ್ಟಿ ಗ್ರಂಥವಾಗಿ ಬರುತ್ತದೆ, ಒಬ್ಬ ವಿದ್ವಾಂಸ ಅದಕ್ಕೆ ವಿಮರ್ಶೆ ಬರೆಯುತ್ತಾನೆ. ಚಿತ್ರಕಾರ ವ್ಯಾನ್ ಗೋ ಹಲ್ಲಿನ ಡಾಕ್ಟರಾಗಿ ತಮ್ಮನಿಗೆ ಕಾಗದ ಬರೆಯುತ್ತಾನೆ. ಕೂಗಲ್‌ಮಾಸ್ ಎಂಬ ಪ್ರೊಫೆಸರ್ ಮಂತ್ರದ ಪೆಟ್ಟಿಗೆಯೊಳಗೆ ಕೂತು 'ಮದಾಂ ಬೊವಾರಿ' ಕಾದಂಬರಿಗೇ ಹೋಗಿ ನಾಯಕಿಯನ್ನು ಪ್ರೀತಿಸುತ್ತಾನೆ. ಅಸಂಗತ ಎಂಬ ಮಾತು ನಮಗೆ ನಾಟಕದ ಕಡೆಯಿಂದ ಬಂದದ್ದು, ಆದರೆ ಈ ದಾರಿ ನಮಗೆ ತೀರ ಹೊಸದೇನಲ್ಲ. ನಾ. ಕಸ್ತೂರಿಯವರ 'ಅನರ್ಥಕೋಶ' ನೋಡಿದವರಿಗೆ ಗೊತ್ತು: ಕೋಶದ ಶಿಸ್ತು ಹಾಗೇ ಇರುತ್ತದೆ, ಅರ್ಥ ಮಾತ್ರ ಅಡ್ಡದಾರಿ ಹಿಡಿದಿರುತ್ತದೆ. ಅಂದಹಾಗೆ ಕಸ್ತೂರಿಯವರೂ ಕೇರಳದಿಂದ ಬಂದು ಮೈಸೂರಿನಲ್ಲಿ ನೆಲೆಸಿ ಕನ್ನಡದಲ್ಲಿ ನಗಿಸಿದವರು.

ನಿವೃತ್ತ ಹೈಸ್ಕೂಲು ಮೇಷ್ಟ್ರು ಮೊದಲು ಬಾಯಿ ಬಿಟ್ಟರು. "ರಾಯರೇ, ನಗಬೇಕಾದ ಜಾಗಕ್ಕೆಲ್ಲ ನೀವು ಗೆರೆ ಎಳೆದು ಕೊಡಬೇಕಿತ್ತು." ಎಲ್ಲರೂ ನಕ್ಕರು, ಆ ದಿನದ ದೊಡ್ಡ ನಗು ಅದೇ. ತಮ್ಮ ದಂತವೈದ್ಯನಾಗಿರುವ ಒಬ್ಬರು ವ್ಯಾನ್ ಗೋ ಬರಹವನ್ನು ಮನೆಯಲ್ಲಿ ಮೂರು ಸಲ ಓದಿಸಿದರಂತೆ. ಲೈಬ್ರರಿಯಲ್ಲಿ ಕೆಲಸ ಮಾಡಿದ್ದ ಒಬ್ಬ ಅಕ್ಕ, "ಕೂಗಲ್‌ಮಾಸ್ ಹೆಂಡ್ತಿ ಮೊದ್ದು, ಪ್ರೇಯಸಿ ಬೊಂಬೆ. ಇವರಿಗೆ ಮೂರನೇ ಥರದ ಹೆಂಗಸು ಗೊತ್ತೇ ಇಲ್ವೇ?" ಎಂದು ಕೇಳಿದರು. ಆ ಕಥೆಗೆ 1978ರಲ್ಲಿ ಒ. ಹೆನ್ರಿ ಪ್ರಶಸ್ತಿ ಬಂದಿದೆ ಎಂದು ಹೇಳಿ ನೋಡಿದೆ. ಅದು ಉತ್ತರವಲ್ಲವೆಂದು ನನಗೇ ಗೊತ್ತಿತ್ತು. ಅವರು ಹೇಳಿದ್ದು ನಿಜ. ಇನ್ನೊಬ್ಬರು ಓದದೆಯೇ ಜೆರಾಕ್ಸ್ ವಾಪಸು ಕೊಟ್ಟರು. 1992ರಿಂದ ಅಲೆನ್ ಮೇಲೆ ದತ್ತುಪುತ್ರಿಗೆ ಸಂಬಂಧಿಸಿದ ಲೈಂಗಿಕ ದೌರ್ಜನ್ಯದ ಆರೋಪವಿದೆ. ಅವರು ಅದನ್ನು ಒಪ್ಪಿಲ್ಲ, ಮೊಕದ್ದಮೆಯೂ ನಡೆಯಲಿಲ್ಲ. 2020ರಲ್ಲಿ ಅವರ ಆತ್ಮಕಥೆಯನ್ನು ಸಿಬ್ಬಂದಿಯ ಪ್ರತಿಭಟನೆಯ ನಂತರ ಒಬ್ಬ ಪ್ರಕಾಶಕರು ಕೈಬಿಟ್ಟರು, ಇನ್ನೊಬ್ಬರು ಹೊರತಂದರು. ಓದಲಾರೆ ಎನ್ನುವವರೊಡನೆ ನಾನು ವಾದಿಸಲಿಲ್ಲ.

ನಾನು ಬಿದ್ದು ಬಿದ್ದು ನಕ್ಕದ್ದು 'ಗಾಸೇಜ್–ವಾರ್ಡೆಬೆಡಿಯನ್ ಪೇಪರ್ಸ್' ಓದಿ. ಇಬ್ಬರು ಅಂಚೆಯ ಮೂಲಕ ಚೆಸ್ ಆಡುತ್ತಿದ್ದಾರೆ. ನಡುವೆ ಒಂದು ಕಾಗದ ತಲುಪುವುದಿಲ್ಲ. ಇವನ ಹಲಗೆಯಲ್ಲಿ ಒಂದು ಆಟ, ಅವನ ಹಲಗೆಯಲ್ಲಿ ಇನ್ನೊಂದು ಆಟ. ಇಬ್ಬರೂ ತಮ್ಮ ಹಲಗೆಯೇ ಸರಿ, ತಾವೇ ಗೆಲ್ಲುತ್ತಿದ್ದೇವೆ ಎಂದು ಅತ್ಯಂತ ಮರ್ಯಾದೆಯಿಂದ ಬರೆಯುತ್ತಾ ಹೋಗುತ್ತಾರೆ. ಸಿಟ್ಟು ಏರಿದಷ್ಟೂ ಭಾಷೆ ನಯವಾಗುತ್ತದೆ.

ನಮ್ಮ ಕೂಟದಲ್ಲಿ ಇದಕ್ಕೆ ನಕ್ಕವರು ಇಬ್ಬರೇ, ಇಬ್ಬರೂ ಬ್ಯಾಂಕಿನವರು. ಕಂಪ್ಯೂಟರ್ ಬರುವ ಮುಂಚೆ ಬ್ರಾಂಚಿನಿಂದ ಬ್ರಾಂಚಿಗೆ ಹಣದ ಲೆಕ್ಕ ಅಡ್ವೈಸ್ ಎಂಬ ಚೀಟಿಯಲ್ಲಿ ಅಂಚೆಯ ಮೇಲೆ ಹೋಗುತ್ತಿತ್ತು. ಒಂದು ಕಡೆ ಡೆಬಿಟ್ ಆದದ್ದು ಇನ್ನೊಂದು ಕಡೆ ಕ್ರೆಡಿಟ್ ಆಗಬೇಕು. ಚೀಟಿ ದಾರಿಯಲ್ಲಿ ಕಳೆದರೆ ಎಂಟ್ರಿ ನೇತಾಡುತ್ತಾ ಉಳಿಯುತ್ತಿತ್ತು. ರೀಕನ್ಸಿಲಿಯೇಷನ್ ಎಂಬ ಆ ಮೇಜಿನ ಮೇಲೆ ನಾನು ನಾಲ್ಕು ವರ್ಷ ಕಳೆದಿದ್ದೇನೆ. 'ನಮ್ಮ ಪುಸ್ತಕದ ಪ್ರಕಾರ ಸರಿಯಾಗಿದೆ' ಎಂದು ನಾವು, 'ನಮ್ಮ ಪುಸ್ತಕದ ಪ್ರಕಾರವೂ ಸರಿಯಾಗಿದೆ' ಎಂದು ಅವರು. ಮೊದಲ ಪತ್ರ, ಜ್ಞಾಪನ ಪತ್ರ, ಎರಡನೇ ಜ್ಞಾಪನ ಪತ್ರ. ಆ ಆಫೀಸರನ್ನು ನಾನು ಎಂದೂ ನೋಡಿದವನಲ್ಲ, ಆದರೆ ಅವನ ಸಹಿ ಕಂಡರೆ ಬಿಪಿ ಏರುತ್ತಿತ್ತು. ಅಲೆನ್ ಬ್ಯಾಂಕಿನ ಒಳಗೆ ಕೂತವರಲ್ಲ, ಆದರೆ ಲೆಡ್ಜರಿನ ಹುಚ್ಚು ಅವರಿಗೆ ಗೊತ್ತಿದೆ. ಈ ಥರದ ಬರಹ ಬಾಯಿಗೆ ಬಂದದ್ದು ಬಡಬಡಿಸಿದ್ದಲ್ಲ. ಒಂದು ಎಂಟ್ರಿ ಮಾತ್ರ ಸುಳ್ಳು, ಉಳಿದ ಪುಟವೆಲ್ಲ ಪೈಸೆಗೆ ಪೈಸೆ ಸರಿ. ಆ ಪುಟವನ್ನು ಬರೆದು ಗೊತ್ತಿದ್ದವನಿಗೆ ಮಾತ್ರ ಸುಳ್ಳು ಕಾಣುತ್ತದೆ. ಆದ್ದರಿಂದ ನಗದವರನ್ನು ಪೆದ್ದರೆನ್ನಲು ನಾನು ತಯಾರಿಲ್ಲ.

ನಗದೆ ಕೂರುವುದು ಎಂಥದು ಅಂತ ಪರಊರಿಗೆ ಬಂದವರಿಗೆ ಹೇಳಿಕೊಡಬೇಕಿಲ್ಲ. 1982ರಲ್ಲಿ ಮುಂಬೈಗೆ ಬಂದಾಗ ಊಟದ ಹೊತ್ತಿನಲ್ಲಿ ಸಹೋದ್ಯೋಗಿಗಳು ಪು. ಲ. ದೇಶಪಾಂಡೆಯವರ ಮಾತುಗಳನ್ನು ಹೇಳಿ ಹೊಟ್ಟೆ ಹಿಡಿದು ನಗುತ್ತಿದ್ದರು. ನಾನು ಅವರ ಮುಖ ನೋಡಿ ಎರಡು ಕ್ಷಣ ತಡವಾಗಿ ನಗುತ್ತಿದ್ದೆ. 'ಬಟಾಟ್ಯಾಚಿ ಚಾಳ'ಕ್ಕೆ ನಾನಾಗಿಯೇ ನಕ್ಕದ್ದು ಹತ್ತು ವರ್ಷದ ಮೇಲೆ. ಭಾಷೆ ಅಷ್ಟರೊಳಗೆ ಬಂದಿತ್ತು ನಿಜ, ಆದರೆ ಅದಕ್ಕಿಂತ ಹೆಚ್ಚಾಗಿ ಚಾಳಿನ ನಲ್ಲಿಯ ಸಾಲಿನಲ್ಲಿ ಬಕೆಟ್ ಹಿಡಿದು ನಿಂತಿದ್ದೆ.

ಜಗಳವಾದದ್ದು ಐದನೆಯ ಬರಹಕ್ಕೆ. 2007ರಲ್ಲಿ ಬಂದ 'ಮಿಯರ್ ಅನಾರ್ಕಿ' ಪುಸ್ತಕದಲ್ಲಿ 'ತಂದೂರಿ ರ‍್ಯಾನ್ಸಮ್' ಎಂಬುದಿದೆ. ನಾಯಕನಟನ ಬದಲಿಗೆ ಲೈಟಿನ ಮುಂದೆ ನಿಲ್ಲುವ ಒಬ್ಬ ಸಣ್ಣ ನಟ ಶೂಟಿಂಗಿಗೆಂದು ಭಾರತಕ್ಕೆ ಬಂದು ದರೋಡೆಕೋರರ ಕೈಗೆ ಸಿಕ್ಕುತ್ತಾನೆ. ಭಾರತದ ವಿಷಯ ಇದೆಯಲ್ಲ, ಜನಕ್ಕೆ ಹಿಡಿಸುತ್ತದೆ ಎಂದು ನಾನೇ ಸೇರಿಸಿದ್ದೆ. ಸರಿಯಾಗಿ ಓದಿ ನೋಡಿರಲಿಲ್ಲ, ಅದು ನನ್ನ ತಪ್ಪು. 2000ದ ಜುಲೈ 30ರಂದು ಗಾಜನೂರಿನಿಂದ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಎತ್ತಿಕೊಂಡು ಹೋದದ್ದು, 108 ದಿನ ಅವರು ಕಾಡಿನಲ್ಲಿದ್ದದ್ದು ನೆನಪಾಗದ ಕನ್ನಡಿಗನುಂಟೆ? ಆಗ ನಾನು ಊರಿಗೆ ಫೋನ್ ಮಾಡಿದರೆ ಅಮ್ಮ ನಮ್ಮ ಆರೋಗ್ಯ ಕೇಳುತ್ತಿರಲಿಲ್ಲ. "ಅಣ್ಣಾವ್ರ ಸುದ್ದಿ ಏನಾದ್ರೂ ಬಂತೇನೋ?" ಎನ್ನುತ್ತಿದ್ದಳು. ಮುಂಬೈಗೆ ಎಲ್ಲ ಸುದ್ದಿ ಮೊದಲು ಬರುತ್ತದೆ ಎಂದು ಅವಳ ನಂಬಿಕೆ.

ಇಲ್ಲೇ ಹುಟ್ಟಿ ಬೆಳೆದ, ಸಾಫ್ಟ್‌ವೇರಿನಲ್ಲಿರುವ ಒಬ್ಬ ಹುಡುಗ ಆ ಬರಹವನ್ನು ಬಹಳ ಮೆಚ್ಚಿ ಮಾತಾಡಿದ. ಮೇಷ್ಟ್ರು ಎದ್ದೇ ನಿಂತರು. ನಾನೂ ಸ್ವಲ್ಪ ಗಡುಸಾಗಿಯೇ ಅಂದೆ, "ಇದು ನಗೋ ವಿಷಯ ಅಲ್ಲಪ್ಪ." ಅವನು ಮೆಲ್ಲಗೆ, "ಅಂಕಲ್, ವ್ಯಾನ್ ಗೋ ತಮ್ಮನಿಗೆ ನಿಜವಾಗ್ಲೂ ಅಳ್ತಾ ಕಾಗದ ಬರೆದಿದ್ನಲ್ಲ. ಅದಕ್ಕೆ ನೀವು ನಕ್ಕಿರಿ" ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಮನೆಗೆ ಬಂದು ಮತ್ತೆ ಓದಿದೆ. ಈ ಬರಹ ಬಿಗಿಯಿಲ್ಲದ್ದು ಎಂದೇ ಈಗಲೂ ಅನ್ನಿಸುತ್ತದೆ. ಚೆಸ್ ಆಟಗಾರರ ಜಂಬ, ಪ್ರೊಫೆಸರರ ಆಸೆಬುರುಕತನ ಅಲೆನ್‌ಗೆ ಅಂಗೈ ನೆಲ್ಲಿ. ಭಾರತ ಅವರಿಗೆ ಹೋಟೆಲಿನ ಮೆನು ಕಾರ್ಡಿನಷ್ಟೇ ಗೊತ್ತು, ಹೆಸರಿನಲ್ಲೇ ತಂದೂರಿ ಇದೆಯಲ್ಲ. ಕೆಳಗೆ ಸರಿಯಾದ ಪುಟವೇ ಇಲ್ಲದ ಮೇಲೆ ಸುಳ್ಳು ಎಂಟ್ರಿ ಎಲ್ಲಿ ಹಾಕುವುದು? ಆ ಪುಸ್ತಕದ ತುಂಬ ವಿಚಿತ್ರ ಹೆಸರುಗಳು, ಡಿಕ್ಷನರಿ ಹಿಡಿದು ಓದಬೇಕಾದ ಪದಗಳು. ಹಳೆಯ ಮೂರು ಪುಸ್ತಕಗಳ ನೇರ ನಡೆ ಇದರಲ್ಲಿಲ್ಲ. ಇಷ್ಟೆಲ್ಲ ಬರೆದ ಮೇಲೂ ಒಂದು ಸಂಶಯ ಹೋಗುವುದಿಲ್ಲ. ಗಾಜನೂರು ನನ್ನ ಮನಸ್ಸಿನಲ್ಲಿ ಇಲ್ಲದಿದ್ದರೆ ಈ ದೋಷಗಳು ನನಗೆ ಇಷ್ಟು ಚೆನ್ನಾಗಿ ಕಾಣುತ್ತಿದ್ದವೆ? ಆ ಹುಡುಗನಿಗೆ ಇನ್ನೂ ಫೋನ್ ಮಾಡಿಲ್ಲ. ಮಾಡಬೇಕು.

ನನ್ನ ಹೆಂಡತಿ ಅವತ್ತು ಅಡುಗೆಮನೆಯಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. ರಾತ್ರಿ ಕನ್ನಡಕ ಹಾಕಿಕೊಂಡು ಚೆಸ್ ಕಾಗದಗಳನ್ನು ಪೂರ್ತಿ ಓದಿದಳು, ಒಂದು ಸಲವೂ ನಗಲಿಲ್ಲ. ಪುಟ ಮಡಚಿಟ್ಟು ಕೇಳಿದಳು: "ಅಲ್ಲಾ ರೀ, ಇಷ್ಟು ಕಾಗದ ಬರೆಯೋ ಬದಲು ಒಬ್ಬರಾದ್ರೂ ಫೋನ್ ಮಾಡಬಾರದಿತ್ತೇ?"