ವಲಸೆಯ ಕತೆ ಓದುವಾಗ ಬಾಡಿಗೆ ಮನೆಯ ಬಾಗಿಲು ನೋಡಿ

ಕೊಲ್ಲಾಪುರ ಜಿಲ್ಲೆಯ ಇಚಲಕರಂಜಿಯ ಮಗ್ಗದ ಓಣಿಯಲ್ಲಿ ಮರಾಠಿ, ಕನ್ನಡ, ತೆಲುಗು, ಹಿಂದಿ ಎಲ್ಲವೂ ಒಟ್ಟಿಗೆ ಕಿವಿಗೆ ಬೀಳುತ್ತವೆ. 1904ರಲ್ಲಿ ವಿಠ್ಠಲರಾವ್ ದಾತಾರ ಇಲ್ಲಿ ಮೊದಲ ವಿದ್ಯುತ್ ಮಗ್ಗ ಹೂಡಿದರು. ಅಂದಿನಿಂದ ಊರು ಹೊರಗಿನವರನ್ನು ಕರೆಯುತ್ತಲೇ ಬಂದಿದೆ. ಅದೇ ಜಿಲ್ಲೆಯ ಗಡಹಿಂಗ್ಲಜದ ಕಡೆಯದು ತಿರುವುಮುರುವು, ಅಲ್ಲಿಯವರು ಮುಂಬಯಿ ಗಿರಣಿಗಳಿಗೆ ಗಂಟು ಕಟ್ಟಿಕೊಂಡು ಹೋದರು. ಮರಾಠಿಯನ್ನೂ ಕನ್ನಡವನ್ನೂ ಬಲ್ಲ ಈ ಸೀಮೆಯ ಓದುಗರಿಗೆ ವಲಸೆಯ ಕತೆಗಳು ಎರಡು ಕಪಾಟುಗಳಲ್ಲಿ ಸಿಗುತ್ತವೆ. ಎರಡನ್ನೂ ಬೆರೆಸಿ ಓದಬೇಕು.

ಹಸಿವಿನ ವರ್ಣನೆ ಬಂದಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ, ಅದನ್ನು ಸಾಧಾರಣ ಲೇಖಕರೂ ಬರೆಯಬಲ್ಲರು. ಬಾಡಿಗೆಗೆ ಖೋಲಿ ಕೇಳುವ ದೃಶ್ಯ ಬಂದರೆ ಮಾತ್ರ ನಿಧಾನಿಸಿ. ಮರಾಠಿಯ ಬಾಬುರಾವ್ ಬಾಗೂಲರ 1963ರ ‘ಜೇವ್ಹಾ ಮೀ ಜಾತ್ ಚೋರಲೀ ಹೋತೀ’ ಸಂಕಲನದ ಅದೇ ಹೆಸರಿನ ಕತೆ ತೆಗೆದುಕೊಳ್ಳಿ. ರೈಲ್ವೆ ಕೆಲಸಕ್ಕೆಂದು ಪರ ಊರಿಗೆ ಬಂದವನಿಗೆ ಸಂಬಳವಿದೆ, ಓದಿದೆ. ಜಾತಿ ಮುಚ್ಚಿಟ್ಟಿರುವತನಕ ಆದರವೂ ಇದೆ. ಜಾತಿ ಬಯಲಾದಾಗ ಕೊನೆಗೆ ಬೀಳುವ ಹೊಡೆತಕ್ಕಿಂತ ಈ ಆದರವೇ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ಜಾತಿಯ ಬಗ್ಗೆ ಸುಳ್ಳು ಹೇಳದ, ಸಿಟ್ಟಿನ ಕಾಶೀನಾಥ ಎಂಬ ಇನ್ನೊಬ್ಬ ಕೆಲಸಗಾರ ಅಲ್ಲಿದ್ದಾನೆ, ಅವನ ಮೇಲೆ ಒಂದು ಕಣ್ಣಿಡಿ.

ಹಣ ಬಂದರೆ ಪೂರ್ವಗ್ರಹ ಕರಗುತ್ತದೆಯೇ? ಯಶವಂತ ಚಿತ್ತಾಲರ ಕನ್ನಡ ಕಾದಂಬರಿ ‘ಶಿಕಾರಿ’ (1979) ಅದಕ್ಕೆ ಒಪ್ಪುವುದಿಲ್ಲ. ಮುಂಬಯಿಯ ಕಂಪನಿಯಲ್ಲಿ ಮೇಲೇರಿದ ನಾಗಪ್ಪನ ಬೆನ್ನು ಹತ್ತುವವರು ಅಗೆಯುವುದು ಅವನ ಬಾಲ್ಯವನ್ನು. ಅವರಲ್ಲಿ ಹಳೆಯ ಪರಿಚಯದ ಶ್ರೀನಿವಾಸನೂ ಒಬ್ಬ. ಊರು ಬಿಟ್ಟವನ ಹಿಂದೆ ಊರ ಗುಸುಗುಸು ಟಿಕೇಟಿಲ್ಲದೆ ರೈಲು ಹತ್ತುತ್ತದೆ. ಜಯಂತ ಕಾಯ್ಕಿಣಿಯವರ ‘ನೋ ಪ್ರೆಸೆಂಟ್ಸ್ ಪ್ಲೀಸ್’ ಕತೆಯ ಅನಾಥ ಜೋಡಿಗಾದರೋ ಲಗ್ನಪತ್ರಿಕೆಯ ಮೇಲೆ ಯಾವ ಹೆಸರು ಹಾಕಿಸುವುದೆಂಬುದೇ ತೊಡಕು.

ಇನ್ನು ಲೆಕ್ಕದ ಮಾತು. ಕೊಲ್ಲಾಪುರ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಕಡಿಯಲು ಬೀಡ ಸೀಮೆಯಿಂದ ಬರುವ ಗಂಡಹೆಂಡಿರನ್ನು ಮುಕಾದಮ, ಅಂದರೆ ಕೂಲಿಯವರನ್ನು ಕರೆತರುವ ಗುತ್ತಿಗೆದಾರ, ಸೇರಿಸಿ ಒಂದು ‘ಕೊಯ್ತಾ’ ಎಂದು ಎಣಿಸುತ್ತಾನೆ. ಉಚಲು, ಅಂದರೆ ಮುಂಗಡ, ಇಬ್ಬರ ಮೇಲೂ ಒಟ್ಟಿಗೆ ಕೂತಿರುತ್ತದೆ. ಇಂಥವರ ಬಗ್ಗೆ ಕತೆ ಓದುವಾಗ ಉಚಲು ಯಾರ ಕೈಗೆ ಬಂತು, ಸುಗ್ಗಿ ಮುಗಿದಾಗ ಎಷ್ಟು ತೀರಿತು, ಬಸುರಿ ಹೆಂಗಸು ಕೂತ ದಿನದ ಕೂಲಿ ಯಾರ ಲೆಕ್ಕಕ್ಕೆ ಹೋಯಿತು ಎಂದು ಹುಡುಕಿ. ಮಗ್ಗದವರ ಕತೆಯಲ್ಲೂ ಅಷ್ಟೇ: ಕರೆಂಟು ಹೋದ ಹೊತ್ತಿನ ನಷ್ಟ ಯಾರದು, ಎಳೆ ತಪ್ಪಿದ ಬಟ್ಟೆಯ ದಂಡ ಯಾರ ಪಗಾರದಲ್ಲಿ ಮುರಿಯುತ್ತದೆ? ಶೇಟನಿಗೆ ಬರೀ ಹೊಟ್ಟೆ, ಮೀಸೆ ಕೊಟ್ಟು ಖಾತೆಪುಸ್ತಕ ಮರೆತ ಲೇಖಕನನ್ನು ನಾನು ನಂಬುವುದಿಲ್ಲ.

ಓದುವ ಕ್ರಮಕ್ಕೂ ಬೆಲೆಯಿದೆ. ಮೊದಲು ಬಾಗೂಲ, ಆಮೇಲೆ ಚಿತ್ತಾಲ. ತಿರುವಿ ಓದಿದರೆ ನಾಗಪ್ಪನ ಸಂಕಟವೇ ದೊಡ್ಡದಾಗಿ ಕಂಡು, ಕಾಶೀನಾಥನ ಸಿಟ್ಟು ಬರೀ ಒರಟುತನವಾಗಿ ಕೇಳಿಸುತ್ತದೆ.